ಮಂಗಳವಾರ ಸಂಜೆ ಯಾರು ಬರುತ್ತಾರೆ? ಬೇಸ್‌ಬಾಲ್ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ರಾಬ್ ಮ್ಯಾನ್‌ಫ್ರೆಡ್ ಅವರಿಗೆ,
ಆಯುಕ್ತರು, ಮೇಜರ್ ಲೀಗ್ ಬೇಸ್‌ಬಾಲ್, ನ್ಯೂಯಾರ್ಕ್

ನಮಸ್ಕಾರ.

2029ರ ಜನವರಿಯಲ್ಲಿ ನೀವು ಕುರ್ಚಿ ಬಿಡುತ್ತೀರಿ. ಅಷ್ಟರೊಳಗೆ ಎರಡು ಹೊಸ ತಂಡಗಳಿಗೆ ಊರು ಗೊತ್ತುಮಾಡಿ ಹೋಗಬೇಕು ಅನ್ನುವುದು ನಿಮ್ಮ ಆಸೆ. ಅದನ್ನು ನೀವೇ ಹಲವು ಸಲ ಹೇಳಿದ್ದೀರಿ. ಈಗ ಇರುವುದು 30 ತಂಡ, ಆಮೇಲೆ 32. ಕೊನೆಯ ಸಲ ಲೀಗಿಗೆ ತಂಡ ಸೇರಿದ್ದು 1998ರಲ್ಲಿ, ಅರಿಜೋನಾ ಮತ್ತು ಟ್ಯಾಂಪಾ ಬೇ. ಆ ವರ್ಷ ಹುಟ್ಟಿದ ಮಕ್ಕಳು ಇವತ್ತು ಆಡಿ ಹೆಸರು ಮಾಡುತ್ತಿದ್ದಾರೆ.

ನಾನು ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಿನಲ್ಲಿರುವ ಕನ್ನಡಿಗ. ಪಕ್ಕದ ರಾಲಿಗೆ ಒಂದು ತಂಡ ಬರಲಿ ಅನ್ನುವ ಆಸೆ ನನಗಿದೆ. ಅದನ್ನು ಮುಚ್ಚಿಟ್ಟು ನ್ಯಾಯಾಧೀಶನ ಹಾಗೆ ಬರೆಯುವುದಿಲ್ಲ. ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿ ತಲುಪುವ ಮುಂಚೆ ರಾಲಿ, ಶಾರ್ಲಟ್, ನ್ಯಾಶ್‌ವಿಲ್, ಪೋರ್ಟ್‌ಲ್ಯಾಂಡ್‌ಗಳಲ್ಲಿರುವ ನಮ್ಮವರು ಓದಲಿ, ಬೇಕಾದರೆ ನನ್ನ ಜೊತೆ ಜಗಳ ಆಡಲಿ.

ಮೊದಲು ಲೆಕ್ಕ. ಅಮೆರಿಕನ್ ಫುಟ್‌ಬಾಲ್ ತಂಡವೊಂದು ತನ್ನ ಊರಿನಲ್ಲಿ ವರ್ಷಕ್ಕೆ ಎಂಟೋ ಒಂಬತ್ತೋ ಪಂದ್ಯ ಆಡುತ್ತದೆ. ಬಾಸ್ಕೆಟ್‌ಬಾಲ್, ಹಾಕಿ ತಂಡಗಳು 41. ಬೇಸ್‌ಬಾಲ್ ತಂಡ ಆಡುವುದು 81. ಏಪ್ರಿಲ್‌ನ ಚಳಿಯಿಂದ ಸೆಪ್ಟೆಂಬರ್‌ವರೆಗೆ, ವಾರದ ನಡುವೆ, ಶಾಲೆ ಇರುವಾಗ, ಮರುದಿನ ಬೆಳಿಗ್ಗೆ ಆಫೀಸ್ ಇರುವಾಗ. ಸರಾಸರಿ 25 ಸಾವಿರ ಜನ ಬಂದರೂ ವರ್ಷಕ್ಕೆ 20 ಲಕ್ಷ ಟಿಕೆಟ್ ಮಾರಬೇಕು. ಲೀಗಿನ ಈಗಿನ ಸರಾಸರಿ 29 ಸಾವಿರದ ಮೇಲಿದೆ. ಶನಿವಾರ ಸಂಜೆ, ಜುಲೈ 4ರ ಪಟಾಕಿ ರಾತ್ರಿ ಯಾವ ಊರಾದರೂ ತುಂಬುತ್ತದೆ. ಹೊಸ ತಂಡವನ್ನು ಯಾವ ಊರು ಸಾಕಬಲ್ಲದು ಅಂತ ನೋಡಬೇಕಾದರೆ ಮೇ ತಿಂಗಳ ಒಂದು ಮಂಗಳವಾರ ಸಂಜೆ, ತಂಡ ಸೋಲುತ್ತಿರುವಾಗ, ಯಾರು ಬಂದು ಕೂರುತ್ತಾರೆ ಅಂತ ನೋಡಬೇಕು.

ಇದನ್ನು ಜನಸಂಖ್ಯೆಯ ಪಟ್ಟಿ ಹೇಳುವುದಿಲ್ಲ. ಮಿಲ್ವಾಕಿ ನಿಮ್ಮ ಲೀಗಿನ ಅತಿ ಸಣ್ಣ ಊರುಗಳಲ್ಲೊಂದು. ಆದರೂ ಅಲ್ಲಿ ವರ್ಷಕ್ಕೆ 25 ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ತೆಗೆದು ಮುಚ್ಚುವ ಛಾವಣಿ ಇರುವುದರಿಂದ ನೂರಾರು ಕಿಲೋಮೀಟರ್ ದೂರದವರೂ ಮಳೆಯ ಹೆದರಿಕೆ ಇಲ್ಲದೆ ಕಾರು ತೆಗೆಯುತ್ತಾರೆ. ಛಾವಣಿ ಇದ್ದರೆ ಸಾಕಾ? ಮಯಾಮಿಯಲ್ಲೂ ಇದೆ. 2012ರಲ್ಲಿ ಬಹುಪಾಲು ಸಾರ್ವಜನಿಕರ ದುಡ್ಡಿನಿಂದಲೇ ಕಟ್ಟಿದ ಕ್ರೀಡಾಂಗಣ. ಸುತ್ತಮುತ್ತ 60 ಲಕ್ಷ ಜನ. 2024ರಲ್ಲಿ ಇಡೀ ವರ್ಷ ಬಂದವರು 11 ಲಕ್ಷವೂ ಇಲ್ಲ. ಅಲ್ಲಿನ ತಂಡ 1997ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್ ಸರಣಿ, ಗೆದ್ದಿತು. ಆ ಚಳಿಗಾಲವೇ ಮಾಲೀಕರು ಒಬ್ಬೊಬ್ಬರಾಗಿ ಆಟಗಾರರನ್ನು ಮಾರಿದರು. 2003ರಲ್ಲಿ ಮತ್ತೆ ಗೆದ್ದರು, ಸ್ವಲ್ಪ ವರ್ಷಕ್ಕೇ ಮತ್ತೆ ಮಾರಾಟ. ಎರಡು ಸಲ ಹೀಗೆ ಮಾಡಿಸಿಕೊಂಡ ಜನ ಮೂರನೇ ಸಲ ದುಡ್ಡು ಕೊಟ್ಟು ಯಾಕೆ ಬರಬೇಕು?

ಟ್ಯಾಂಪಾ ಬೇ ಕಥೆ ಬೇರೆ. ಅಲ್ಲಿ ತಂಡ ಚೆನ್ನಾಗಿಯೇ ಆಡಿದೆ. 2008 ಮತ್ತು 2020ರಲ್ಲಿ ವರ್ಲ್ಡ್ ಸೀರೀಸ್‌ವರೆಗೆ ಹೋಗಿದೆ. ಆದರೆ ಮೈದಾನ ಇರುವುದು ಕೊಲ್ಲಿಯ ಆಚೆ ದಡದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಟ್ಯಾಂಪಾದವರು ಆಫೀಸ್ ಮುಗಿಸಿ, ಟ್ರಾಫಿಕ್ಕಿನಲ್ಲಿ ಸೇತುವೆ ದಾಟಿ ಹೋಗಬೇಕು. ಊರು ಸರಿ, ಜಾಗ ತಪ್ಪು. ಇನ್ನೂ ಒಂದು ಸಂಗತಿ ಇದೆ. ಗುಮ್ಮಟದಂಥ ಆ ಮೈದಾನ ತೆರೆದದ್ದು 1990ರಲ್ಲಿ, ತಂಡ ಬಂದದ್ದು 1998ರಲ್ಲಿ. ನಡುವಿನ ವರ್ಷಗಳು ಬೇಸ್‌ಬಾಲ್ ತಂಡ ಇಲ್ಲದ ಗುಮ್ಮಟ ಇಟ್ಟುಕೊಂಡು ಕಾದದ್ದು. ಗುಮ್ಮಟ ಕಟ್ಟುತ್ತಿರುವಾಗಲೇ ಶಿಕಾಗೋ ವೈಟ್ ಸಾಕ್ಸ್‌ನವರು "ನಾವು ಫ್ಲಾರಿಡಾಕ್ಕೆ ಹೋಗ್ತೀವಿ" ಅಂತ ಹೆದರಿಸಿ ತಮ್ಮ ಊರಿನಲ್ಲೇ ಹೊಸ ಮೈದಾನ ಕಟ್ಟಿಸಿಕೊಂಡರು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಹೊರಟೇಬಿಟ್ಟರು ಅನ್ನುವ ಹಂತಕ್ಕೆ ಬಂದು ನಿಂತಿತು.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ, ಮ್ಯಾನ್‌ಫ್ರೆಡ್ ಅವರೇ. ತಂಡ ಇಲ್ಲದ ಊರು ನಿಮ್ಮ ಮಾಲೀಕರಿಗೆ ಬಹಳ ಉಪಯೋಗದ ವಸ್ತು. "ನೀವು ಕಟ್ಟಿಕೊಡದಿದ್ದರೆ ಅಲ್ಲಿಗೆ ಹೋಗುತ್ತೇವೆ" ಅಂತ ತೋರಿಸಲು ಒಂದು ಊರು ಬೇಕಲ್ವಾ? ನಮ್ಮ ರಾಜ್ಯಕ್ಕೂ ಆ ಅನುಭವ ಇದೆ. ತೊಂಬತ್ತರ ದಶಕದಲ್ಲಿ ಮಿನೆಸೋಟಾ ಟ್ವಿನ್ಸ್ ತಂಡ ಗ್ರೀನ್ಸ್‌ಬರೋ, ವಿನ್ಸ್ಟನ್-ಸೇಲಂ ಕಡೆಗೆ ಬರುತ್ತದೆ ಅಂತ ಗುಲ್ಲೆದ್ದಿತ್ತು. 1998ರ ಮೇ ತಿಂಗಳಲ್ಲಿ ಅಲ್ಲಿನ ಎರಡು ಕೌಂಟಿಗಳ ಮತದಾರರು ಮೈದಾನಕ್ಕಾಗಿ ತೆರಿಗೆ ಕಟ್ಟುವುದಿಲ್ಲ ಅಂತ ಭಾರಿ ಬಹುಮತದಲ್ಲಿ ಹೇಳಿದರು. ಟ್ವಿನ್ಸ್ ಮಿನೆಸೋಟಾದಲ್ಲೇ ಉಳಿಯಿತು. 2010ರಲ್ಲಿ ಅಲ್ಲೇ ಅವರಿಗೆ ಹೊಸ ಮೈದಾನವೂ ಸಿಕ್ಕಿತು. ಇವತ್ತಿಗೂ ದೊಡ್ಡ ಲೀಗಿನ ಬೇಸ್‌ಬಾಲ್ ತಂಡ ಇಲ್ಲದ ರಾಜ್ಯಗಳಲ್ಲಿ ಜನಸಂಖ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡದು ನಾರ್ತ್ ಕ್ಯಾರೊಲೈನಾ. ಒಂದು ಕೋಟಿ ಹತ್ತು ಲಕ್ಷ ಜನ ಇದ್ದೇವೆ. ನಮ್ಮ ನೆಲದಲ್ಲಿ ನಿಮ್ಮ ಲೀಗಿನ ಅಧಿಕೃತ ಪಂದ್ಯ ಮೊದಲು ನಡೆದದ್ದು 2016ರ ಜುಲೈ 3ರಂದು, ಫೋರ್ಟ್ ಬ್ರ್ಯಾಗ್ ಸೇನಾ ನೆಲೆಯಲ್ಲಿ. ಬ್ರೇವ್ಸ್ ಮತ್ತು ಮಾರ್ಲಿನ್ಸ್. ಹನ್ನೆರಡೂವರೆ ಸಾವಿರ ಜನ, ಮುಖ್ಯವಾಗಿ ಸೈನಿಕರು ಮತ್ತು ಅವರ ಮನೆಯವರು.

ಹಾಗಾದರೆ ರಾಲಿ ಸುತ್ತ ಮಂಗಳವಾರ ಬರುವವರು ಯಾರು? ಪಕ್ಕದ ಡರಮ್ ಊರಿನ ಬುಲ್ಸ್ ನೋಡಿ. ನಿಮ್ಮದೇ ಕೆಳ ಹಂತದ ತಂಡ, ಟ್ಯಾಂಪಾ ಬೇಗೆ ಆಟಗಾರರನ್ನು ಬೆಳೆಸಿ ಕೊಡುವುದು. 1995ರಲ್ಲಿ ಕಟ್ಟಿದ ಹತ್ತು ಸಾವಿರ ಸೀಟಿನ ಮೈದಾನ. ಪಕ್ಕದಲ್ಲಿ ಹಳೆಯ ತಂಬಾಕು ಕಾರ್ಖಾನೆಗಳು ಈಗ ಹೋಟೆಲು, ಕಚೇರಿ ಆಗಿವೆ. 2024ರ ಕಾಲೇಜ್ ವರ್ಲ್ಡ್ ಸೀರೀಸ್‌ಗೆ ಒಮಾಹಾಕ್ಕೆ ಹೋದ ಎಂಟು ತಂಡಗಳಲ್ಲಿ ಎರಡು ನಮ್ಮ ಕಡೆಯವು: ಚಾಪೆಲ್ ಹಿಲ್‌ನ ಯುಎನ್‌ಸಿ ಮತ್ತು ರಾಲಿಯ ಎನ್‌ಸಿ ಸ್ಟೇಟ್. 2023ರ ಫೆಬ್ರವರಿಯಲ್ಲಿ ಕ್ಯಾರೊಲೈನಾ ಹರಿಕೇನ್ಸ್ ಬಯಲಿನಲ್ಲಿ ಐಸ್ ಹಾಕಿ ಆಡಿದಾಗ 56 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಚಳಿಗಾಲದಲ್ಲೂ ಅಂಗಳದಲ್ಲಿ ಹಿಮ ಬೀಳುವುದು ಅಪರೂಪವಾದ ಊರಿದು!

ಹರಿಕೇನ್ಸ್ ಕಥೆಯಲ್ಲಿ ನಿಮಗೊಂದು ಪಾಠವೂ ಇದೆ, ನಮಗೊಂದು ಮುಜುಗರವೂ ಇದೆ. ಆ ತಂಡವನ್ನು 1997ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಿಂದ ಎತ್ತಿಕೊಂಡು ಬಂದದ್ದು. ರಾಲಿಯ ಒಳಾಂಗಣ ಆಗ ಇನ್ನೂ ತಯಾರಾಗಿರಲಿಲ್ಲ. ಹಾಗಾಗಿ ಎರಡು ಸೀಸನ್ ಗ್ರೀನ್ಸ್‌ಬರೋದಲ್ಲಿ ಖಾಲಿ ಸೀಟುಗಳ ಮುಂದೆ ಆಡಿದರು. "ದಕ್ಷಿಣದವರಿಗೆ ಹಾಕಿ ಬೇಡ" ಅಂತ ಎಲ್ಲರೂ ನಕ್ಕರು. 1999ರಲ್ಲಿ ರಾಲಿಗೆ ಬಂದರು, 2006ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. ಜನರನ್ನು ತೂಗುವ ಮುಂಚೆ ಅವರಿಗೆ ಸರಿಯಾದ ಜಾಗ ಕೊಡಿ. ಹಾರ್ಟ್‌ಫರ್ಡ್‌ನವರಿಗೆ ಮಾತ್ರ ಇವತ್ತಿಗೂ ದೊಡ್ಡ ಲೀಗಿನ ಹಾಕಿ ತಂಡ ಇಲ್ಲ.

ಇಲ್ಲಿನ ಕೊರತೆಗಳನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಮೆಟ್ರೋದಂಥ ರೈಲಿಲ್ಲ. ಡರಮ್ ಮತ್ತು ಚಾಪೆಲ್ ಹಿಲ್ ನಡುವೆ ಲಘು ರೈಲು ಹಾಕುವ ಯೋಜನೆ ವರ್ಷಗಟ್ಟಲೆ ಎಳೆದಾಡಿ 2019ರಲ್ಲಿ ಸತ್ತಿತು. ಐ-40 ಹೆದ್ದಾರಿಯಲ್ಲಿ ಸಂಜೆ ಐದೂವರೆಗೆ ಕಾರು ಹತ್ತಿದವರಿಗೆ ಆರೂ ಮುಕ್ಕಾಲಿನ ಪಂದ್ಯ ಸಿಗುವುದು ಅದೃಷ್ಟದ ಮಾತು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಬೆವರು, ಸಂಜೆ ಗುಡುಗು. ಹೋಟೆಲ್ ರೂಮು ಮತ್ತು ಊಟದ ತೆರಿಗೆಯಿಂದ ಬರುವ ದುಡ್ಡಿನಲ್ಲಿ 30 ಕೋಟಿ ಡಾಲರ್ ಹರಿಕೇನ್ಸ್ ಒಳಾಂಗಣದ ದುರಸ್ತಿಗೆ ಹೋಗುವುದು ಆಗಲೇ ಗೊತ್ತಾಗಿದೆ. ಬೇಸ್‌ಬಾಲ್ ತರುತ್ತೇನೆ ಅನ್ನುವ ಹರಿಕೇನ್ಸ್ ಮಾಲೀಕ ಟಾಮ್ ಡಂಡನ್ ಮೊದಲ ಮಾತಿಗೇ ಸರಕಾರದ ಕಡೆ ನೋಡಿದರೆ ನನ್ನ ಉತ್ಸಾಹ ಅರ್ಧ ಇಳಿಯುತ್ತದೆ. ತಮಾಷೆ ಏನೆಂದರೆ, 2025ರಲ್ಲಿ ಪೋರ್ಟ್‌ಲ್ಯಾಂಡ್‌ನ ಬಾಸ್ಕೆಟ್‌ಬಾಲ್ ತಂಡ ಕೊಳ್ಳಲು ಒಪ್ಪಂದ ಮಾಡಿಕೊಂಡ ಗುಂಪಿಗೂ ಅವರೇ ಮುಂದಾಳು. ನಮ್ಮ ಎದುರಾಳಿ ಊರಲ್ಲವಾ ಅದು?

ಶಾರ್ಲಟ್ ನಮಗಿಂತ ದೊಡ್ಡದು, ನಿಜ. ಬ್ಯಾಂಕುಗಳ ದುಡ್ಡೂ ಅಲ್ಲೇ. ಆದರೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಸಾಕರ್ ಮೂರೂ ಅಲ್ಲಿವೆ. 2024ರಲ್ಲಿ ಆ ನಗರ ಪ್ಯಾಂಥರ್ಸ್ ಫುಟ್‌ಬಾಲ್ ತಂಡದ ಮೈದಾನಕ್ಕೇ 65 ಕೋಟಿ ಡಾಲರ್ ಒಪ್ಪಿಕೊಂಡಿದೆ. ಒಂದೇ ಬಾವಿಗೆ ಎಷ್ಟು ಕೊಡ ಇಳಿಸುವುದು?

ನ್ಯಾಶ್‌ವಿಲ್ ಹೆಸರು ಎಲ್ಲರ ಪಟ್ಟಿಯಲ್ಲೂ ಮೊದಲು ಬರುತ್ತದೆ. ಹಳೆಯ ಆಟಗಾರ ಡೇವ್ ಸ್ಟೂವರ್ಟ್ ಅವರ ಗುಂಪು ವರ್ಷಗಳಿಂದ ಶ್ರಮಿಸುತ್ತಿದೆ. ಒಂದು ಕಾಲದಲ್ಲಿ ಕರಿಯ ಆಟಗಾರರಿಗೆ ಬೇರೆಯೇ ಇದ್ದ ಲೀಗಿನ ನೆನಪಿಗೆ ತಂಡಕ್ಕೆ ಸ್ಟಾರ್ಸ್ ಅನ್ನುವ ಹೆಸರೂ ಇಟ್ಟಾಗಿದೆ. ನನಗೆ ಆ ಆಲೋಚನೆ ತುಂಬಾ ಇಷ್ಟ. ಆದರೂ ನ್ಯಾಶ್‌ವಿಲ್ ಬಗ್ಗೆ ಹೇಳುವವರೆಲ್ಲ ಪ್ರವಾಸಿಗರ ಲೆಕ್ಕ ಕೊಡುತ್ತಾರೆ. ಪ್ರವಾಸಿ ಒಂದು ಪಂದ್ಯಕ್ಕೆ ಬರುತ್ತಾನೆ, ಎರಡನೆಯದಕ್ಕೆ ಅವನು ಊರಲ್ಲೇ ಇರುವುದಿಲ್ಲ. ಜೊತೆಗೆ ಟೈಟನ್ಸ್ ಫುಟ್‌ಬಾಲ್ ತಂಡದ ಹೊಸ ಮೈದಾನಕ್ಕೆ ರಾಜ್ಯ ಮತ್ತು ನಗರ ಸೇರಿ 126 ಕೋಟಿ ಡಾಲರ್ ಬಾಂಡ್ ಎತ್ತಿವೆ. 2025ರ ಆಗಸ್ಟ್‌ನಲ್ಲಿ ಟೆನೆಸಿಯ ಬ್ರಿಸ್ಟಲ್ ಕಾರ್ ರೇಸ್ ಅಂಗಳದಲ್ಲಿ ನೀವು ಆಡಿಸಿದ ಪಂದ್ಯಕ್ಕೆ 91 ಸಾವಿರ ಟಿಕೆಟ್ ಹೋಯಿತು. ಮಳೆ ಬಂದು ಪಂದ್ಯ ಮರುದಿನಕ್ಕೆ ಹೋಯಿತು. ದಾಖಲೆ ದೊಡ್ಡದೇ. ಆದರೆ ಅದು ಒಂದು ಜಾತ್ರೆ. ಬ್ರಿಸ್ಟಲ್ ನ್ಯಾಶ್‌ವಿಲ್‌ನಿಂದ ನಾನೂರು ಕಿಲೋಮೀಟರ್‌ಗೂ ದೂರ ಬೇರೆ.

ಪಶ್ಚಿಮಕ್ಕೆ ಬಂದರೆ ನನ್ನ ಓಟು ಸಾಲ್ಟ್ ಲೇಕ್ ಸಿಟಿಗೆ. ಇದು ನನಗೇ ಆಶ್ಚರ್ಯ, ಯಾಕೆಂದರೆ ಮನಸ್ಸು ಪೋರ್ಟ್‌ಲ್ಯಾಂಡ್ ಕಡೆ ಎಳೆಯುತ್ತದೆ. ಪೋರ್ಟ್‌ಲ್ಯಾಂಡ್ ಸುತ್ತ 25 ಲಕ್ಷ ಜನ ಇದ್ದಾರೆ, ಫುಟ್‌ಬಾಲ್ ತಂಡ ಇಲ್ಲ, ಬೇಸಿಗೆ ಸಂಜೆಗಳು ಸ್ವರ್ಗ, ಮೈದಾನದವರೆಗೆ ರೈಲಿನಲ್ಲಿ ಹೋಗಬಹುದು. ಆರೆಗನ್ ಶಾಸನಸಭೆ 2025ರಲ್ಲಿ 80 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿದೆ. ಆ ಸಾಲವನ್ನು ತೀರಿಸುವುದು ಆಟಗಾರರ ಸಂಬಳದ ಮೇಲಿನ ಆದಾಯ ತೆರಿಗೆಯಿಂದ. ತಂಡ ಬರದಿದ್ದರೆ ಬಾಂಡೂ ಇಲ್ಲ. ಬುದ್ಧಿವಂತ ಏರ್ಪಾಟು. ಕೊರತೆ ಒಂದೇ: ತಂಡ ಕೊಂಡು, ನಷ್ಟವಾದರೂ ಹತ್ತು ವರ್ಷ ತಡೆದುಕೊಳ್ಳುವ ದೊಡ್ಡ ಜೇಬಿನ ಒಬ್ಬ ಮಾಲೀಕ ಇನ್ನೂ ಮುಂದೆ ಬಂದು ನಿಂತಿಲ್ಲ.

ಸಾಲ್ಟ್ ಲೇಕ್‌ನಲ್ಲಿ ಆ ಮಾಲೀಕರು ಇದ್ದಾರೆ. ಲ್ಯಾರಿ ಮಿಲ್ಲರ್ ಕಾರು ಮಾರಿ ಮೇಲೆ ಬಂದವರು. 1985ರಲ್ಲಿ ಜ್ಯಾಝ್ ಬಾಸ್ಕೆಟ್‌ಬಾಲ್ ತಂಡದ ಅರ್ಧ ಪಾಲು ಕೊಂಡರು. ಮರುವರ್ಷ ತಂಡ ಮಿನೆಸೋಟಾಕ್ಕೆ ಹೋಗುವ ಹಂತದಲ್ಲಿದ್ದಾಗ ಇನ್ನರ್ಧವನ್ನೂ ಕೊಂಡು ಅಲ್ಲೇ ಉಳಿಸಿದರು. ಅವರ ಕುಟುಂಬ 2020ರವರೆಗೂ ತಂಡ ಇಟ್ಟುಕೊಂಡು, ಮಾರುವಾಗಲೂ ಯೂಟಾದವರಿಗೇ ಮಾರಿತು. ಈಗ ಬೇಸ್‌ಬಾಲ್ ಕೇಳುತ್ತಿರುವುದು ಅದೇ ಕುಟುಂಬದ ಕಂಪನಿ. ಜಾಗ ಡೌನ್‌ಟೌನ್‌ಗೂ ವಿಮಾನ ನಿಲ್ದಾಣಕ್ಕೂ ನಡುವೆ, ರೈಲು ಹಳಿಯ ಪಕ್ಕದಲ್ಲೇ. ರಾಜ್ಯ 2024ರಲ್ಲಿ 90 ಕೋಟಿ ಡಾಲರ್‌ವರೆಗೆ ಒಪ್ಪಿದೆ. ಇದು ಜಾಸ್ತಿಯಾಯಿತು ಅನ್ನುವುದೇ ನನ್ನ ಅಭಿಪ್ರಾಯ. ಮೈದಾನಕ್ಕೆ ಹಾಕಿದ ಜನರ ದುಡ್ಡು ವಾಪಸ್ ಹುಟ್ಟುವುದಿಲ್ಲ ಅಂತ ಅರ್ಥಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಲೇ ಇದ್ದಾರೆ. ಊರು ಸಣ್ಣದು. ಆದರೆ ಗುಡ್ಡದ ಸಾಲಿನುದ್ದಕ್ಕೂ ಆಗ್ಡನ್‌ನಿಂದ ಪ್ರೋವೊವರೆಗೆ ಜನ ಒತ್ತಾಗಿದ್ದಾರೆ, ಮನೆ ತುಂಬ ಮಕ್ಕಳಿದ್ದಾರೆ. ಭಾನುವಾರ ಮಾರ್ಮನ್ ಕುಟುಂಬಗಳು ಬರುವುದಿಲ್ಲ ಅನ್ನುವುದು ನಿಜವಾದ ಪ್ರಶ್ನೆ. ಅವರು ಮಂಗಳವಾರ ಬರಬಹುದು ಅನ್ನುವುದು ನನ್ನ ಊಹೆ.

ಮೆಕ್ಸಿಕೋ ಸಿಟಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನ ಬೇಕಾದಷ್ಟು, ಆಟದ ಹುಚ್ಚೂ ಇದೆ. 2,240 ಮೀಟರ್ ಎತ್ತರದ ತೆಳು ಗಾಳಿಯಲ್ಲಿ 2023ರಲ್ಲಿ ನೀವು ಆಡಿಸಿದ ಮೊದಲ ಪಂದ್ಯ 16-11ರಲ್ಲಿ ಮುಗಿಯಿತು, ಹನ್ನೊಂದು ಹೋಮ್ ರನ್, ನಮ್ಮ ಸಿಕ್ಸರ್‌ನಂಥವು! ನೋಡಲು ಮಜಾ. ವರ್ಷಕ್ಕೆ 81 ಸಲ ಅಲ್ಲಿ ಚೆಂಡೆಸೆಯಬೇಕಾದ ಬಡಪಾಯಿಗಳನ್ನು ಕೇಳಿ.

ಮಾಂಟ್ರಿಯಲ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ದೊಡ್ಡ ಲೀಗಿಗೆ ಕಾಲಿಡುವ ಮುಂಚೆ, 1946ರಲ್ಲಿ, ಆ ಲೀಗಿನ ಬಣ್ಣದ ಗೋಡೆ ಒಡೆದ ಕರಿಯ ಆಟಗಾರ ಜ್ಯಾಕಿ ರಾಬಿನ್ಸನ್ ಆಡಿದ್ದು ಆ ಊರಿನ ತಂಡಕ್ಕೆ. ಎಕ್ಸ್‌ಪೋಸ್ ತಂಡ 1969ರಿಂದ ಅಲ್ಲಿತ್ತು. 1994ರಲ್ಲಿ 74 ಗೆದ್ದು 40 ಸೋತು ಲೀಗಿನಲ್ಲೇ ಮೊದಲಿದ್ದಾಗ ಆಗಸ್ಟ್‌ನಲ್ಲಿ ಮುಷ್ಕರ ಶುರುವಾಗಿ ಉಳಿದ ಸೀಸನ್ನೇ ರದ್ದಾಯಿತು. ಆಮೇಲೆ ಆಟಗಾರರನ್ನು ಮಾರಿದರು, ಜನ ದೂರವಾದರು, 2004ರ ಕೊನೆಗೆ ತಂಡ ವಾಷಿಂಗ್ಟನ್‌ಗೆ ಹೋಯಿತು. ಹೋದ ಮೇಲೂ 2014ರಲ್ಲಿ ಟೊರಾಂಟೋ ತಂಡ ಎರಡು ಪ್ರದರ್ಶನ ಪಂದ್ಯ ಆಡಿದಾಗ 96 ಸಾವಿರ ಜನ ಬಂದರು. ಇವತ್ತು ಅಲ್ಲಿ ಹೊಸ ಮೈದಾನಕ್ಕೆ ಸರಕಾರ ದುಡ್ಡು ಕೊಡುವ ಸೂಚನೆ ಕಾಣುವುದಿಲ್ಲ. ಹಾಗಾಗಿ ನನ್ನ ಎರಡರಲ್ಲಿ ಅದು ಇಲ್ಲ. ಬರೆಯುವಾಗ ಕೈ ತಡೆಯುತ್ತದೆ ಅಷ್ಟೇ.

ಓಕ್‌ಲ್ಯಾಂಡ್? 1968ರಿಂದ ಇದ್ದ ತಂಡ, ನಾಲ್ಕು ವರ್ಲ್ಡ್ ಸೀರೀಸ್. 2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ. ಮಾಲೀಕರು ಲಾಸ್ ವೇಗಸ್ ಕಡೆ ಹೊರಟರು, ನೆವಾಡಾ 38 ಕೋಟಿ ಡಾಲರ್ ಕೊಡಲು ಒಪ್ಪಿತು. ಅಲ್ಲಿನ ಮೈದಾನ ಏಳುವವರೆಗೆ ವೆಸ್ಟ್ ಸ್ಯಾಕ್ರಮೆಂಟೋದ ಹದಿನಾಲ್ಕು ಸಾವಿರ ಜನ ಹಿಡಿಸುವ ಅಂಗಳದಲ್ಲಿ ದಿನ ದೂಡುತ್ತಿದ್ದಾರೆ. ಖಾಲಿಯಾದ ಓಕ್‌ಲ್ಯಾಂಡ್ ಕೊಲಿಸಿಯಂನಲ್ಲಿ 2025ರ ಜೂನ್‌ನಲ್ಲಿ ಏನಾಯಿತು ಗೊತ್ತಾ? ಕ್ರಿಕೆಟ್. ಮೇಜರ್ ಲೀಗ್ ಕ್ರಿಕೆಟ್‌ನ ಆ ವರ್ಷದ ಮೊದಲ ಪಂದ್ಯದಲ್ಲಿ ಫಿನ್ ಆ್ಯಲನ್ 19 ಸಿಕ್ಸರ್ ಹೊಡೆದು 151 ಮಾಡಿದ. ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿಯಲ್ಲೂ ಹಾಗೇ. ಅಲ್ಲಿನ ಸಣ್ಣ ಬೇಸ್‌ಬಾಲ್ ಮೈದಾನ ಈಗ ಕ್ರಿಕೆಟ್ ಮೈದಾನ. ಆ ಲೀಗಿನ ಮೊದಲ ವರ್ಷ, 2023ರಲ್ಲಿ, ಗ್ರ್ಯಾಂಡ್ ಪ್ರೇರಿ ಬಿಟ್ಟರೆ ಪಂದ್ಯ ನಡೆದ ಇನ್ನೊಂದು ಜಾಗ ನಮ್ಮ ಮಾರಿಸ್‌ವಿಲ್‌ನ ಚರ್ಚ್ ಸ್ಟ್ರೀಟ್ ಪಾರ್ಕ್. ನಿಮ್ಮ ಸಲಹೆಗಾರರು ರಾಲಿಯ ಲೆಕ್ಕ ಹಾಕುವಾಗ ನಮ್ಮಂಥವರನ್ನು "ಇವರು ಕ್ರಿಕೆಟ್ ಜನ" ಅಂತ ಕಳೆದುಬಿಡಬೇಡಿ. ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ ಮಾಡುವ ನಮ್ಮವರ ಮಕ್ಕಳು ಶಾಲೆ ಮುಗಿಸಿ ಗ್ಲೌಸ್ ಹಾಕಿಕೊಂಡು ಹೋಗುತ್ತಾರೆ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಅವರನ್ನು ಸಂಜೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವುದೇ ದೊಡ್ಡ ಚಿಂತೆ. ಇನ್ನು ತಾಳ್ಮೆ ಬಗ್ಗೆ ಕೇಳಲೇಬೇಡಿ. 2008ರಿಂದ ಆರ್‌ಸಿಬಿಗೆ ಕಾದು 2025ರಲ್ಲಿ ಕಪ್ ಕಂಡವರು ನಾವು. ಸೋಲುವ ತಂಡಕ್ಕೆ ಬೆಂಬಲ ಕೊಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಐಪಿಎಲ್ ಕೂಡ ಅವಸರದಲ್ಲಿ ತಂಡ ಸೇರಿಸಿ ಕೈ ಸುಟ್ಟುಕೊಂಡಿದೆ. 2010ರಲ್ಲಿ ಕೊಚ್ಚಿ ತಂಡ 33 ಕೋಟಿ ಡಾಲರ್‌ಗೆ ಹೋಯಿತು. 2011ರಲ್ಲಿ ಒಂದೇ ಸೀಸನ್ ಆಡಿತು. ಬ್ಯಾಂಕ್ ಗ್ಯಾರಂಟಿ ಕೊಡಲಿಲ್ಲ ಅಂತ ಬಿಸಿಸಿಐ ಅದೇ ವರ್ಷ ತಂಡವನ್ನೇ ರದ್ದು ಮಾಡಿತು. ಕೇರಳದವರಿಗೆ ಆಟದ ಪ್ರೀತಿ ಕಡಿಮೆಯಿತ್ತಾ? ಮಾಲೀಕರು ಗಟ್ಟಿಯಿರಲಿಲ್ಲ.

ಆದ್ದರಿಂದ ಊರಿಗಿಂತ ಮುಂಚೆ ಮಾಲೀಕರನ್ನು ತೂಗಿ. 1998ರಲ್ಲಿ ಒಂದು ತಂಡದ ಪ್ರವೇಶ ಶುಲ್ಕ 13 ಕೋಟಿ ಡಾಲರ್ ಇತ್ತು. ಈ ಸಲ 200 ಕೋಟಿ ಅನ್ನುವ ಮಾತು ಓಡಾಡುತ್ತಿದೆ. ಎರಡು ತಂಡದ 400 ಕೋಟಿಯನ್ನು ಈಗಿನ 30 ಮಾಲೀಕರು ಹಂಚಿಕೊಂಡರೆ ತಲಾ 13 ಕೋಟಿ ಚಿಲ್ಲರೆ. ಅಂದು ಇಡೀ ತಂಡಕ್ಕೆ ಕೊಟ್ಟಷ್ಟು ದುಡ್ಡು ಇಂದು ಸುಮ್ನೆ ಕೂತವರ ಪಾಲಿಗೆ ಬರುತ್ತದೆ. ಅಷ್ಟು ತೆಗೆದುಕೊಳ್ಳುವವರು ಊರಿಗೆ ಏನಾದರೂ ಬರೆದುಕೊಡಬೇಕು. ಕನಿಷ್ಠ ಮೂವತ್ತು ವರ್ಷ ಬಿಟ್ಟು ಹೋಗದ ಕರಾರು, ಅದೂ ಕೋರ್ಟಿನಲ್ಲಿ ನಿಲ್ಲುವಂಥದ್ದು. ಇಂಥ ಕಾಗದಕ್ಕೆ ಬಲ ಇದೆ. 2001ರಲ್ಲಿ ನಿಮ್ಮ ಲೀಗು ಟ್ವಿನ್ಸ್ ತಂಡವನ್ನೇ ಮುಚ್ಚಲು ಹೊರಟಿತ್ತು. ಮೈದಾನದ ಬಾಡಿಗೆ ಕರಾರು ಇದೆ, ಆಡಲೇಬೇಕು ಅಂತ ಮಿನೆಸೋಟಾದ ನ್ಯಾಯಾಧೀಶರು ಆದೇಶ ಕೊಟ್ಟರು, ತಂಡ ಬದುಕಿತು. ಆಮೇಲೂ ಹೋಗುವುದಾದರೆ ಹೆಸರು, ಬಣ್ಣ, ದಾಖಲೆಗಳು ಊರಿಗೇ ಉಳಿಯಬೇಕು. 1996ರಲ್ಲಿ ಕ್ಲೀವ್‌ಲ್ಯಾಂಡ್ ತನ್ನ ಫುಟ್‌ಬಾಲ್ ತಂಡ ಕಳೆದುಕೊಂಡಾಗ ಹೀಗೇ ಉಳಿಸಿಕೊಂಡಿತು.

ಇನ್ನೊಂದು ಕೋರಿಕೆ. ಎರಡು ಊರು ಆರಿಸಿದ ದಿನವೇ ಉಳಿದ ಊರುಗಳಿಗೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ. "ಮುಂದೆ ನೋಡೋಣ" ಅನ್ನಬೇಡಿ. ಅಂಥ ಆಸೆಯ ಮೇಲೆಯೇ ಸೇಂಟ್ ಪೀಟರ್ಸ್‌ಬರ್ಗ್ ತಂಡ ಇಲ್ಲದೆ ಗುಮ್ಮಟ ಕಟ್ಟಿತ್ತು. ರಾಲಿಗೆ ಇಲ್ಲ ಅನ್ನುವುದಾದರೂ ಸರಿ, ಸ್ಪಷ್ಟವಾಗಿ ಹೇಳಿ. ಹಾಗೆ ಹೇಳಿದ ಮೇಲೆ ವಾಷಿಂಗ್ಟನ್, ಬಾಲ್ಟಿಮೋರ್ ತಂಡಗಳ ಟಿವಿ ಹಕ್ಕಿನ ಗಡಿಯಿಂದ ನಮ್ಮನ್ನು ಬಿಡಿಸಿಬಿಡಿ. ನಾಲ್ಕೈದು ಗಂಟೆ ಕಾರು ಓಡಿಸಿದರೆ ಸಿಗುವ ಮೈದಾನ "ನಿಮ್ಮ ಊರಿನದು" ಅಂತ ಹೇಳಿ ಆ ಪಂದ್ಯಗಳನ್ನು ನಮ್ಮ ಪರದೆಯಲ್ಲಿ ಕಪ್ಪು ಮಾಡುವುದು ಯಾವ ನ್ಯಾಯ?

ತೀರ್ಮಾನಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಊರಿನಲ್ಲೂ ಮಂಗಳವಾರದಿಂದ ಗುರುವಾರದವರೆಗೆ ಮೂರು ಪಂದ್ಯ ಆಡಿಸಿ. ಕೆಳ ಹಂತದ ತಂಡಗಳ ಸರಣಿ ಹೇಗೂ ಮಂಗಳವಾರವೇ ಶುರುವಾಗುತ್ತದೆ. ಗೆಲ್ಲುವ ತಂಡಗಳನ್ನೇ ಕಳಿಸಬೇಡಿ, ಕೊನೆಯ ಸ್ಥಾನದವರನ್ನು ಕಳಿಸಿ. ಪಟಾಕಿ ಬೇಡ, ಪುಕ್ಕಟೆ ಟೋಪಿ ಬೇಡ. ನೀವೇ ಬಂದು ಮೂರನೇ ಬೇಸ್ ಕಡೆಯ ಸಾಮಾನ್ಯ ಸೀಟಿನಲ್ಲಿ ಕೂತು ತಲೆ ಎಣಿಸಿ. ಡರಮ್‌ಗೆ ಜುಲೈಯಲ್ಲಿ ಬರುವುದಾದರೆ ಮಳೆ ಕೋಟು ತನ್ನಿ, ಐ-40 ಬಿಟ್ಟು ಬೇರೆ ದಾರಿಯಲ್ಲಿ ಬನ್ನಿ.

ಇತಿ,
ಕ್ಯಾರಿಯಿಂದ ಒಬ್ಬ ಕನ್ನಡಿಗ

ತಾ.ಕ.: ಶಾರ್ಲಟ್ ಮತ್ತು ಪೋರ್ಟ್‌ಲ್ಯಾಂಡ್‌ನ ಕನ್ನಡದ ಬಂಧುಗಳೇ, ನಿಮ್ಮ ಊರಿನ ಪರವಾಗಿ ವಾದ ಇದ್ದರೆ ನೀವೂ ಬರೆಯಿರಿ. "ನಮ್ಮ ಊರು ಚೆಂದ" ಅಂತ ಮಾತ್ರ ಬರೆಯಬೇಡಿ. ಮಂಗಳವಾರದ ಲೆಕ್ಕ ಕೊಡಿ.